ಸೆರೊಟೋನಿನ್ ಹೆಚ್ಚಿದರೆ ನಿದ್ದೆ ಬರಬೇಕಲ್ಲವೇ?

ಪ್ರಶ್ನೆ: ಖಿನ್ನತೆಗೆ ಸೆರ್ಟ್ರಾಲಿನ್ ಶುರು ಮಾಡಿ 10 ದಿನವಾಯಿತು. ರಾತ್ರಿ ಮಲಗುವ ಮುಂಚೆ ನುಂಗುತ್ತೇನೆ. ಮಿದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುವ ಮಾತ್ರೆಯಂತೆ, ಆದರೆ ಇದ್ದ ನಿದ್ದೆಯೂ ಹೋಯಿತು. ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ, ಹೊತ್ತು ಬದಲಿಸಿ. ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ, ಆದ್ದರಿಂದ ಒಮ್ಮೆ ಬಿಡಿಸಿ ಹೇಳುತ್ತೇನೆ.

ಸೆರೊಟೋನಿನ್ ನಿದ್ದೆ ತರಿಸುತ್ತದೆಂಬ ನಂಬಿಕೆ 1960ರ ದಶಕದ್ದು. ಸೆರೊಟೋನಿನ್ ತಯಾರಿಕೆಯನ್ನು ತಡೆದಾಗ ಬೆಕ್ಕುಗಳು ನಿದ್ದೆಗೆಟ್ಟವು. ಫ್ರಾನ್ಸಿನ ನಿದ್ದೆ ಸಂಶೋಧಕ ಮಿಷೆಲ್ ಜೂವೆ ಅದರ ಮೇಲೆ ಸಿದ್ಧಾಂತ ಕಟ್ಟಿದರು. ಆಮೇಲೆ ಮಿದುಳುಕಾಂಡದ ರಾಫೆ ನರಕೋಶಗಳಿಗೇ ತಂತಿ ಇಟ್ಟು ನೋಡಿದರೆ ಚಿತ್ರ ತಿರುವುಮುರುವು: ಸೆರೊಟೋನಿನ್ ಸುರಿಸುವ ಈ ಕೋಶಗಳು ಎಚ್ಚರದಲ್ಲಿ ಚುರುಕು, ಗಾಢ ನಿದ್ದೆಯಲ್ಲಿ ಮಂದ, ರೆಮ್ ಎಂಬ ಕನಸಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಮೌನ. ಸಾಲದ್ದಕ್ಕೆ ಸೆರೊಟೋನಿನ್‌ಗೆ ಹದಿನಾಲ್ಕು ಬಗೆಯ ಗ್ರಾಹಕಗಳಿವೆ, ಅಂದರೆ ಕೋಶಗಳ ಮೇಲೆ ಅದು ಅಂಟಿ ಕೆಲಸ ಮಾಡುವ ತಾಣಗಳು. ಅವುಗಳಲ್ಲಿ 2ಎ ಎಂಬುದನ್ನು ತಡೆದರೆ ಗಾಢ ನಿದ್ದೆ ಹೆಚ್ಚುತ್ತದೆ. ನಿಮ್ಮ ಮಾತ್ರೆಗೆ ಆ ಆಯ್ಕೆಯಿಲ್ಲ, ಎಲ್ಲ ಕಡೆಯೂ ಸೆರೊಟೋನಿನ್ ಏರಿಸುತ್ತದೆ. ಹಾಗಾಗಿ ಕನಸಿನ ನಿದ್ದೆ ತಡವಾಗಿ ಬರುತ್ತದೆ, ಮೊಟಕಾಗುತ್ತದೆ, ನಡುನಡುವೆ ಎಚ್ಚರವಾಗುತ್ತದೆ.

ವೈದ್ಯರಿಗೆ ಒಂದು ಮಾತು ತಿಳಿಸಿ, ಇವತ್ತು ರಾತ್ರಿಯದನ್ನು ಬಿಟ್ಟು ನಾಳೆ ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಳ್ಳಿ. ಎರಡು ಸೇರಿಸಿ ನುಂಗುವುದು ಬೇಡ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ನಿದ್ದೆ ಹಳಿಗೆ ಬರುತ್ತದೆ. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕೆಟ್ಟ ಕನಸು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ನಿದ್ದೆಯಿಲ್ಲದೆಯೂ ದಣಿವಿಲ್ಲ, ಮಾತು ನಿಲ್ಲುತ್ತಿಲ್ಲ, ಮೈತುಂಬ ಉತ್ಸಾಹ ಎಂದಾದರೆ ಅದು ಬೇರೆಯೇ ಸಂಗತಿ. ಅವತ್ತೇ ವೈದ್ಯರಿಗೆ ಫೋನ್ ಮಾಡಿ.

ಪ್ರಶ್ನೆ: ರಕ್ತದ ಸೆರೊಟೋನಿನ್ ಪರೀಕ್ಷೆ ಮಾಡಿಸಿದರೆ ನಿದ್ದೆಗೇಡಿನ ಕಾರಣ ತಿಳಿಯುತ್ತದೆಯೇ?

ಉತ್ತರ: ಇಲ್ಲ. ದೇಹದ ಸುಮಾರು 90% ಸೆರೊಟೋನಿನ್ ಹುಟ್ಟುವುದು ಕರುಳಿನಲ್ಲಿ, ಅದು ಮಿದುಳಿಗೆ ದಾಟುವುದಿಲ್ಲ. ದುಡ್ಡು ಉಳಿಸಿ.

ಪ್ರಶ್ನೆ: ನಿದ್ದೆಯ ಹಾರ್ಮೋನ್ ಎನ್ನುವ ಮೆಲಟೋನಿನ್ ಆಗುವುದೇ ಸೆರೊಟೋನಿನ್‌ನಿಂದ ಅಲ್ಲವೇ?

ಉತ್ತರ: ಹೌದು, ಮಿದುಳಿನ ಪೀನಿಯಲ್ ಗ್ರಂಥಿಯಲ್ಲಿ, ಕತ್ತಲಾದ ಮೇಲೆ. ದೀಪ ಆರಿಸಿ.

ಪ್ರಶ್ನೆ: ಇದೇ ಮಾತ್ರೆಯ ಜೊತೆಗೆ 'ನೈಸರ್ಗಿಕ' 5-ಎಚ್‌ಟಿಪಿ ಕ್ಯಾಪ್ಸೂಲ್ ತೆಗೆದುಕೊಳ್ಳಬಹುದೇ? ಅಡ್ಡಪರಿಣಾಮವಿಲ್ಲ ಎನ್ನುತ್ತಾರೆ.

ಉತ್ತರ: ಹಾಗೆನ್ನುವವರು ಮಾರುವವರು. 5-ಎಚ್‌ಟಿಪಿ ದೇಹದಲ್ಲಿ ಸೆರೊಟೋನಿನ್ ಆಗಿಯೇ ಬದಲಾಗುತ್ತದೆ. ಎರಡೂ ಸೇರಿದರೆ ಸೆರೊಟೋನಿನ್ ಮಿತಿಮೀರಬಹುದು: ನಡುಕ, ಬೆವರು, ಭೇದಿ, ಜ್ವರ, ಸ್ನಾಯು ಸೆಟೆತ. ಇವು ಕಂಡರೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ನೋವಿನ ಟ್ರಮಡಾಲ್, ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೋಮೆಥಾರ್ಫಾನ್ ವಿಷಯದಲ್ಲೂ ಕೇಳದೆ ಕೈಹಾಕಬೇಡಿ.