ಮೊದಲು ನೆಲ, ಆಮೇಲೆ ಲೈಟು

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ ಇದು: ಆರು ಮಂದಿ ಗೆಳೆಯ ಗೆಳತಿಯರು ಸೇರಿ ಸಮಕಾಲೀನ ನೃತ್ಯದ ತಂಡ ಕಟ್ಟಿಕೊಂಡಿದ್ದಾರೆ. ಪ್ರದರ್ಶನ ಗೊತ್ತಾದಾಗ ಮಾತ್ರ ಬಾಡಿಗೆ ಹಾಲ್‌ನ ಟೈಲ್ಸ್ ಮೇಲೆ ತಾಲೀಮು. ಇಬ್ಬರಿಗೆ ಮೊಣಕಾಲ ಕೆಳಗೆ ನೋವು ಹಿಡಿದಿದೆ. ಕೂಡಿಟ್ಟ ಹಣದಲ್ಲಿ ಲೈಟು, ವೇಷಭೂಷಣ ಕೊಳ್ಳೋಣವೇ, ಇಲ್ಲ ತಂಡವನ್ನೇ ಬೆಂಗಳೂರಿಗೆ ಕೊಂಡೊಯ್ಯೋಣವೇ ಎಂದು ಕೇಳಿದ್ದಾರೆ.

ಪ್ರಿಯರೇ,

ಎರಡೂ ಬೇಡ. ಆ ಹಣವನ್ನು ನೆಲಕ್ಕೆ ಹಾಕಿ, ದಿನದ ಕ್ಲಾಸ್ ಶುರು ಮಾಡಿ.

ಬೆಂಗಳೂರಿನ ತಂಡಗಳು ನಿಂತದ್ದು ಊರಿನ ದೊಡ್ಡಸ್ತಿಕೆಯಿಂದಲ್ಲ, ಕಲಿಕೆಯಿಂದ. ಕಥಕ್ ಕಲಾವಿದೆ ಮಾಯಾ ರಾವ್ 1987ರಲ್ಲಿ ತಮ್ಮ ಸಂಸ್ಥೆಯನ್ನು ದೆಹಲಿಯಿಂದ ಬೆಂಗಳೂರಿಗೆ ತಂದು ನೃತ್ಯಸಂಯೋಜನೆಯನ್ನೇ ಒಂದು ಪಾಠವಾಗಿ ಕಲಿಸಿದರು. 1992ರಲ್ಲಿ ಬೇರೆ ಬೇರೆ ಕಲೆಗಳವರು ಕೂಡಿ ಆರಂಭಿಸಿದ ನೃತ್ಯಸಂಸ್ಥೆ ಅಟ್ಟಕ್ಕಳರಿ, ಪ್ರದರ್ಶನದಷ್ಟೇ ಮುತುವರ್ಜಿಯಿಂದ ತರಬೇತಿಯನ್ನೂ ನಡೆಸಿತು. ಇನ್ನೂ ಹತ್ತಿರದ ಉದಾಹರಣೆ ನಿಮ್ಮದೇ ಜಿಲ್ಲೆಯ ಹೆಗ್ಗೋಡು. 1949ರಲ್ಲಿ ಹುಟ್ಟಿದ ಅಲ್ಲಿನ ನಾಟಕ ಸಂಸ್ಥೆ ನೀನಾಸಂ, ರಂಗಶಿಕ್ಷಣ ಕೇಂದ್ರವನ್ನು ತೆರೆದದ್ದು 1980ರಲ್ಲಿ, ತಿರುಗಾಟಕ್ಕೆ ಹೊರಟದ್ದು 1985ರಲ್ಲಿ. ಶಾಲೆ ಮೊದಲು, ಸಂಚಾರ ಆಮೇಲೆ. ನಾಟಕಕ್ಕೆ ಮಲೆನಾಡಿನ ಹಳ್ಳಿಯಲ್ಲಿ ಸಾಧ್ಯವಾದದ್ದು ನೃತ್ಯಕ್ಕೆ ಶಿವಮೊಗ್ಗದಲ್ಲಿ ಆಗದಿರಲು ಕಾರಣವಿಲ್ಲ.

ನೋವಿನ ವಿಷಯ ಇಂದೇ ನೋಡಬೇಕಾದದ್ದು. ಮುಂಗಾಲಿನ ಮೂಳೆಯ ಒಳಬದಿಯಲ್ಲಿ ಬೆರಳಿನಿಂದ ಒತ್ತುತ್ತಾ ಕೆಳಗಿಳಿಯಿರಿ. ಗೇಣುದ್ದಕ್ಕೂ ಮಂದವಾಗಿ ನೋಯುತ್ತಿದ್ದರೆ ಸಾಮಾನ್ಯವಾಗಿ ಅದು ಅತಿ ಶ್ರಮದ ನೋವು. ಒಂದೇ ಚುಕ್ಕೆಯಲ್ಲಿ ಚುಳ್ಳೆಂದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ತಕ್ಷಣ ಮೂಳೆ ಡಾಕ್ಟರ ಹತ್ತಿರ ಹೋಗಿ. ಎರಡರಲ್ಲಿ ಯಾವುದೇ ಆದರೂ ಆ ಇಬ್ಬರು ಸದ್ಯಕ್ಕೆ ನೆಗೆಯುವುದು ಬೇಡ. ಮುಲಾಮು ಹಚ್ಚಿ, ಪಟ್ಟಿ ಸುತ್ತಿ ವೇದಿಕೆಗೆ ಹತ್ತಿಸುವ ರೂಢಿ ನಮ್ಮಲ್ಲಿ ತುಂಬಾ ಇದೆ. ಒಳ್ಳೊಳ್ಳೆಯ ನರ್ತಕರನ್ನು ಅದು ನುಂಗಿ ಹಾಕಿದೆ.

ಕಾಂಕ್ರೀಟಿನ ಮೇಲೆ ಕೂರಿಸಿದ ಟೈಲ್ಸ್ ಕೂದಲೆಳೆಯಷ್ಟೂ ಬಗ್ಗುವುದಿಲ್ಲ. ನೆಗೆದು ಇಳಿದ ಹೊಡೆತವೆಲ್ಲ ಕಾಲಿಗೇ ವಾಪಸು ಬರುತ್ತದೆ. ಅದರ ಮೇಲೆ ಜಿಮ್ ಮ್ಯಾಟ್ ಹಾಸಿದರೆ ಸಮಸ್ಯೆ ಬೇರೆ ರೂಪ ತಾಳುತ್ತದೆ: ಪಾದ ಹುದುಗಿ ಅಂಟುತ್ತದೆ, ಮೈ ತಿರುಗುತ್ತದೆ, ಮಂಡಿ ಉಳುಕುತ್ತದೆ. ಬೇಕಾದದ್ದು ಮೇಲೆ ಗಟ್ಟಿ, ಕೆಳಗೆ ತುಸು ಬಗ್ಗುವ ಮರದ ನೆಲ.

ಆರು ಜನಕ್ಕೆ 24 ಅಡಿ ಉದ್ದ, 24 ಅಡಿ ಅಗಲ ಸಾಕು. 8 ಅಡಿಗೆ 4 ಅಡಿಯ 12 ಮಿ.ಮೀ. ಪ್ಲೈವುಡ್ ಹಾಳೆ ಒಂದು ಪದರಕ್ಕೆ 18 ಬೇಕು. ಎರಡು ಪದರಕ್ಕೆ 36. ತೇವ ತಡೆಯುವ ದರ್ಜೆಯದ್ದನ್ನೇ ಕೇಳಿ ತನ್ನಿ, ನಿಮ್ಮೂರ ಮಳೆಗಾಲಕ್ಕೆ ಅಗ್ಗದ ಪ್ಲೈ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಮೊದಲು ಟೈಲ್ಸ್ ಮೇಲೆ ದಪ್ಪ ಪಾಲಿಥಿನ್ ಹಾಳೆ ಹರಡಿ. ಕೆಳಪದರದ ಹಾಳೆಗಳ ಕೆಳಬದಿಗೆ 3 ಇಂಚು ಚೌಕದ, ಒಂದೂವರೆ ಇಂಚು ದಪ್ಪದ ಗಟ್ಟಿ ಫೋಮ್ ತುಂಡುಗಳನ್ನು ಅಡಿಗೊಂದರಂತೆ ಅಂಟಿಸಿ. ಸುಮಾರು 625 ತುಂಡು ಆಗುತ್ತವೆ. ಹಾಳೆಗಳು ಕೂಡುವ ಕಡೆ ಮತ್ತು ಅಂಚಿನುದ್ದಕ್ಕೂ ಇನ್ನಷ್ಟು ಒತ್ತಾಗಿ ಇಡಿ, ಇಲ್ಲದಿದ್ದರೆ ಅಲ್ಲೇ ಕುಸಿಯುತ್ತದೆ. ಸೋಫಾಕ್ಕೆ ಹಾಕುವ ಮೆತ್ತನೆ ಫೋಮ್ ಬೇಡ. ಕೆಲವೇ ತಿಂಗಳಲ್ಲಿ ಅಪ್ಪಚ್ಚಿಯಾಗುತ್ತದೆ. ಪೂರ್ತಿ ಕೊಳ್ಳುವ ಮುಂಚೆ ಒಂದೇ ಹಾಳೆಗೆ ತುಂಡು ಅಂಟಿಸಿ, ತಂಡದಲ್ಲಿ ಹೆಚ್ಚು ತೂಕದವರು ಅದರ ಮೇಲೆ ನೆಗೆದು ನೋಡಲಿ. ಪ್ಲೈ ಕೆಳಗಿನ ನೆಲಕ್ಕೆ ಬಡಿದ ಸದ್ದು ಬಂದರೆ ಫೋಮ್ ಮೆದು.

ಮೇಲಿನ ಪದರವನ್ನು ಅಡ್ಡಲಾಗಿ ಹಾಕಿ. ಕೆಳಗಿನ ಜೋಡಣೆಯ ಮೇಲೆ ಮೇಲಿನ ಜೋಡಣೆ ಬರಬಾರದು. ಎರಡನ್ನೂ ಸೇರಿಸಲು 20 ಮಿ.ಮೀ. ಸ್ಕ್ರೂ ಸಾಕು. ಅದಕ್ಕಿಂತ ಉದ್ದದ್ದು ಕೆಳಗೆ ಚುಚ್ಚಿಕೊಂಡು ಫೋಮನ್ನೂ ಪಾಲಿಥಿನನ್ನೂ ಹರಿಯುತ್ತದೆ. ಸ್ಕ್ರೂ ತಲೆ ಮರದೊಳಕ್ಕೆ ಮುಳುಗಬೇಕು, ಮೇಲೆ ಪುಟ್ಟಿ ಮೆತ್ತಿ ಉಜ್ಜಬೇಕು. ಎರಡು ಪದರಗಳ ನಡುವೆ ಅಂಟು ಹಾಕಬೇಡಿ: ಬಾಡಿಗೆ ಜಾಗ, ನಾಳೆ ಖಾಲಿ ಮಾಡಬೇಕಾಗಿ ಬಂದರೆ ಬಿಚ್ಚಿ ಲಾರಿಗೇರಿಸಬಹುದು. ಗೋಡೆಯ ಸುತ್ತ ಅರ್ಧ ಇಂಚು ಸಂದು ಬಿಡಿ. ಬಿಡದೆ ಒತ್ತಿ ಕೂರಿಸಿದರೆ ಜುಲೈನಲ್ಲಿ ಪ್ಲೈ ಹಿಗ್ಗಿ ನಡುವೆ ಉಬ್ಬುತ್ತದೆ. ನೆಲ ಸುಮಾರು ಎರಡೂವರೆ ಇಂಚು ಏರುವುದರಿಂದ ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಮೊದಲೇ ಅಳತೆ ನೋಡಿ. ಮೇಲೆ ಹಾಸಲು ನೃತ್ಯಕ್ಕೆಂದೇ ಮಾಡಿದ ವಿನೈಲ್ ಹಾಸು ಕೊಳ್ಳಲು ಹಣ ಸಾಲದಿದ್ದರೆ ಹೊಳಪಿಲ್ಲದ ಪಾಲಿಯುರೆಥೇನ್ ಎರಡು ಕೋಟ್ ಬಳಿಯಿರಿ. ಕಾಲಿಗೆ ಎಣ್ಣೆ ಹಚ್ಚಿಕೊಂಡು ಬರುವುದು, ಪೌಡರ್ ಉದುರಿಸುವುದು ಪೂರಾ ನಿಷಿದ್ಧ.

ಇನ್ನು ಕ್ಲಾಸ್. ವಾರಕ್ಕೆ ಐದು ದಿನ, ಒಂದೂವರೆ ಗಂಟೆ, ಪ್ರದರ್ಶನ ಇರಲಿ ಬಿಡಲಿ. ಮೊದಲ 20 ನಿಮಿಷ ನೆಲದ ಮೇಲೆ ಮಲಗಿ, ಹೊರಳಿ, ಬೆನ್ನು ಸಡಿಲಿಸುವ ಕೆಲಸ. ಆಮೇಲೆ ನಿಂತು ತೂಕ ಬದಲಿಸುವುದು, ಬೀಳುವುದು, ಏಳುವುದು. 50 ನಿಮಿಷ ಕಳೆದ ಮೇಲೆಯೇ ನೆಗೆತ. ಕೊನೆಗೆ ಇಬ್ಬಿಬ್ಬರು ಸೇರಿ ತೂಕ ಕೊಟ್ಟು ತೆಗೆದುಕೊಳ್ಳುವ ಅಭ್ಯಾಸ. ಪಾಠ ಹೇಳುವವರು ತಿಂಗಳಿಗೊಬ್ಬರು ಬದಲಾಗಲಿ, ದಿನಕ್ಕೊಬ್ಬರಲ್ಲ. ದಿನಕ್ಕೊಬ್ಬರಾದರೆ ಯಾವುದೂ ಮೈಗೆ ಇಳಿಯುವುದಿಲ್ಲ.

ಕೃತಿಯಲ್ಲಿ ಯಕ್ಷಗಾನ, ಡೊಳ್ಳು ಸೇರಿಸಿದ್ದೇವೆ ಎಂದು ಬರೆದಿದ್ದೀರಿ. ಸಂತೋಷ, ಆದರೆ ಹುಷಾರು. ಬಡಗುತಿಟ್ಟು ಶೈಲಿಯ ಯಕ್ಷಗಾನದಲ್ಲಿ ಮಂಡಿಯೂರಿ ಹಾಕುವ ಮಂಡಿ ಹೆಜ್ಜೆಯನ್ನು ವಿಡಿಯೊ ನೋಡಿ ಕಲಿತರೆ ಮಂಡಿಯೇ ಹೋಗುತ್ತದೆ. ಕಲಿಸುವವರ ಎದುರು ಕೂತು ತಾಳ ಬಾಯಲ್ಲಿ ಬಂದ ಮೇಲೆ ಹೆಜ್ಜೆಗೆ ಇಳಿಯಿರಿ. ಡೊಳ್ಳಿನ ವಿಷಯದಲ್ಲೂ ಅಷ್ಟೇ: ಅಷ್ಟು ಭಾರ ಹೊತ್ತಾಗ ಸೊಂಟ ಹೇಗೆ ಕೂರುತ್ತದೆ, ಉಸಿರು ಎಲ್ಲಿ ಬೀಳುತ್ತದೆ ಎಂಬುದು ನಿಮಗೆ ಸಿಗಬೇಕಾದ ಸಾಮಗ್ರಿ. ಡೊಳ್ಳಿಲ್ಲದೆ ಬರೀ ಕೈ ಬೀಸಿದರೆ ಶಾಲಾ ವಾರ್ಷಿಕೋತ್ಸವದ ಕುಣಿತವಾಗುತ್ತದೆ.

ತಂಡಗಳು ಒಡೆಯುವುದು ಹೆಚ್ಚಾಗಿ ಕಲೆಯ ಭಿನ್ನಾಭಿಪ್ರಾಯಕ್ಕಲ್ಲ, ತಾಲೀಮಿಗೆ ದುಡ್ಡಿಲ್ಲ ಎಂಬುದಕ್ಕೆ. ಒಂದು ಪ್ರದರ್ಶನಕ್ಕೆ 60,000 ರೂಪಾಯಿ ಬಂತೆನ್ನಿ. ಪ್ರಯಾಣ, ಊಟ, ಲೈಟಿನವರು, ಸಂಗೀತಗಾರರಿಗೆ 24,000. ಜಾಗದ ಬಾಡಿಗೆ ನಿಧಿಗೆ 6,000. ಉಳಿದ 30,000ವನ್ನು ತಲೆಗೆ ಐದೈದು ಸಾವಿರ ಹಂಚಿದರೆ ದಿನವೂ ಬಂದವರಿಗೆ ಅನ್ಯಾಯ. ಗಂಟೆ ಬರೆದಿಡಿ. ಎಲ್ಲರದ್ದೂ ಸೇರಿ 600 ಗಂಟೆಯಾಗಿದ್ದರೆ ಗಂಟೆಗೆ 50 ರೂಪಾಯಿ. 120 ಗಂಟೆ ಕೊಟ್ಟವರಿಗೆ 6,000, 60 ಗಂಟೆ ಕೊಟ್ಟವರಿಗೆ 3,000. ಫೋನ್ ಮಾಡಿದವರ, ಲೆಕ್ಕ ಬರೆದವರ, ಅರ್ಜಿ ತುಂಬಿದವರ ಗಂಟೆಗಳೂ ಇದರಲ್ಲಿ ಸೇರಬೇಕು. ಈ ಕೆಲಸ ಸಾಮಾನ್ಯವಾಗಿ ಒಬ್ಬರ ಹೆಗಲಿಗೇ ಬೀಳುತ್ತದೆ, ಅವರೇ ಮೊದಲು ಬೇಸತ್ತು ಬಿಡುತ್ತಾರೆ.

ನೋಂದಣಿಗೆ ಅವಸರವಿಲ್ಲ, ಬ್ಯಾಂಕ್ ಖಾತೆಗೆ ಮತ್ತು ಅನುದಾನದ ಅರ್ಜಿಗೆ ಬೇಕಾಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರಿರಬೇಕು, ನೀವು ಆರು. ಟ್ರಸ್ಟ್ ಸುಲಭ, ಆದರೆ ಅಧಿಕಾರ ಟ್ರಸ್ಟಿಗಳ ಕೈಯಲ್ಲೇ ಉಳಿಯುತ್ತದೆ. ಎಲ್ಲರೂ ಸಮಾನರು ಎಂದುಕೊಂಡು ಹೊರಟ ತಂಡಕ್ಕೆ ಸಂಘವೇ ಒಪ್ಪುತ್ತದೆ. ಏಳನೆಯವರು ನರ್ತಕರೇ ಆಗಬೇಕಿಲ್ಲ, ಲೆಕ್ಕ ಬಲ್ಲವರಾದರೆ ಇನ್ನೂ ಒಳ್ಳೆಯದು. ಅನುದಾನ ಕೊಡುವವರು ಹಿಂದಿನ ವರ್ಷಗಳ ಆಡಿಟ್ ಕೇಳುವುದು ಸಾಮಾನ್ಯ, ಹಾಗಾಗಿ ರಸೀದಿಗಳನ್ನು ಈಗಿನಿಂದಲೇ ಫೈಲ್ ಮಾಡಿ.

ಕೃತಿ ಯಾರದ್ದು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದುಕೊಳ್ಳಿ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2009ರಲ್ಲಿ ತೀರ್ಪಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆ ನೃತ್ಯಸಂಯೋಜನೆಗೂ ರಕ್ಷಣೆ ಕೊಡುತ್ತದೆ, ಆದರೆ ಅದು ಬರಹದಲ್ಲೋ ಬೇರೆ ಯಾವುದಾದರೂ ರೀತಿಯಲ್ಲೋ ದಾಖಲಾಗಿರಬೇಕು. ಇಡೀ ರಂಗ ಕಾಣುವಂತೆ ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಕತ್ತರಿಸದೆ ಚಿತ್ರೀಕರಿಸಿ. ಜೊತೆಗೆ ಒಂದು ಪುಟದ ಒಪ್ಪಂದ: ಯಾವ ಭಾಗ ಯಾರು ಕಟ್ಟಿದ್ದು, ಸಂಗೀತ ಯಾರದ್ದು, ಒಬ್ಬರು ತಂಡ ಬಿಟ್ಟರೆ ಅವರ ಭಾಗವನ್ನು ಉಳಿದವರು ಆಡಬಹುದೇ, ಆಡಿದರೆ ಅವರಿಗೆಷ್ಟು ಸಲ್ಲಬೇಕು. ಆರೂ ಜನ ದಿನಾಂಕ ಹಾಕಿ ಸಹಿ ಮಾಡಿ, ಪ್ರತಿಯೊಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ.

– ಸಂಪಾದಕ