ಕಡಲಿಗೂ ಆಷಾಢ ಬರುತ್ತದೆ

ದಾವಣಗೆರೆಯ ಓದುಗರೊಬ್ಬರ ಪತ್ರ ನಾಲ್ಕು ಪುಟ ಇದೆ. ಚಿಕ್ಕದು ಮಾಡಿ ಹಾಕುತ್ತಿದ್ದೇವೆ:

“ನಮ್ಮದು ಬಟ್ಟೆ ಅಂಗಡಿ. ಆಷಾಢದಲ್ಲಿ ವ್ಯಾಪಾರ ಕಮ್ಮಿ ಅಂತ ಜುಲೈನಲ್ಲಿ ಮನೆಯ ಐದು ಜನ ಉತ್ತರ ಕನ್ನಡದ ಒಂದು ಬೀಚ್ ರೆಸಾರ್ಟ್‌ಗೆ ಹೋಗಿದ್ದೆವು. ಎರಡು ರಾತ್ರಿಗೆ 42,000 ರೂಪಾಯಿ, ‘ಎಲ್ಲಾ ಸೇರಿ’. ಸಮುದ್ರ ಕಾಣುವ ರೂಮ್ ಅಂದಿದ್ದರು. ಕಿಟಕಿ ತೆಗೆದರೆ ಜನರೇಟರ್ ಶೆಡ್. ಈಜುಕೊಳ ರಿಪೇರಿಯಲ್ಲಿತ್ತು. ಸಮುದ್ರಕ್ಕೆ ಇಳಿಯಲು ಬಿಡಲಿಲ್ಲ. ನಾವು ಸಸ್ಯಾಹಾರಿಗಳು. ಹೊತ್ತು ಹೊತ್ತಿಗೂ ಅದೇ ದಾಲ್, ಅದೇ ಗೋಬಿ ಮಂಚೂರಿ. ಸಂಜೆ ಕಾಫಿಗೆ, ನೀರಿನ ಬಾಟಲಿಗೆ ಬೇರೆ ದುಡ್ಡು. ಹೊರಡುವಾಗ 6,340 ರೂಪಾಯಿ ಬಿಲ್ ಕೊಟ್ಟರು, ಅದರಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರು. ಕೇಳಿದರೆ ‘ರೀಫಂಡ್ ಇಲ್ಲ’ ಎಂಬ ಬೋರ್ಡ್ ತೋರಿಸಿದರು. ಅವ್ವ ತಂದಿದ್ದ ಮಂಡಕ್ಕಿ ಚೀಲವನ್ನು ಗೇಟಿನಲ್ಲೇ ಇಟ್ಟುಕೊಂಡಿದ್ದರು. ವಾಪಸ್ ಕೊಟ್ಟಾಗ ಪೂರ್ತಿ ಮೆತ್ತಗಾಗಿತ್ತು. ದಯವಿಟ್ಟು ರೆಸಾರ್ಟಿನ ಹೆಸರು ಹಾಕಿ ಬರೆಯಿರಿ.”

ಸಾಹುಕಾರರೇ, ನಮಸ್ಕಾರ.

ಹೆಸರು ಹಾಕುವುದಿಲ್ಲ. ನಮಗೆ ಗೊತ್ತಿರುವುದು ಒಂದು ಕಡೆಯ ಮಾತು ಮಾತ್ರ. ಆದರೆ ನಿಮ್ಮ ದುಡ್ಡಿನಲ್ಲಿ ಒಂದಷ್ಟು ವಾಪಸ್ ಬರುವ ದಾರಿ ಇದೆ ಅನಿಸುತ್ತದೆ. ಅದನ್ನು ಹೇಳುವ ಮುಂಚೆ ನಿಮ್ಮನ್ನೇ ಒಂದು ಮಾತು ಕೇಳಬೇಕು, ಬೇಜಾರು ಮಾಡ್ಕೋಬೇಡಿ. ಆಷಾಢದಲ್ಲಿ ನೀವು ಅಂಗಡಿ ಮುಂದೆ ರಿಯಾಯಿತಿಯ ಬ್ಯಾನರ್ ಕಟ್ಟುತ್ತೀರಲ್ಲ, ಯಾಕೆ? ಮದುವೆ ಇಲ್ಲ, ಗಿರಾಕಿ ಇಲ್ಲ, ಮಾಲು ಕೂತಿದೆ. ರೆಸಾರ್ಟಿನವರು ನಿಮಗೆ ಜುಲೈನಲ್ಲಿ ಆಫರ್ ಕೊಟ್ಟಿದ್ದೂ ಅದಕ್ಕೇ. ಮುಂಗಾರಿನಲ್ಲಿ ಕಡಲು ಎಷ್ಟು ಒರಟಾಗಿರುತ್ತದೆ ಅಂದರೆ, ಹುಟ್ಟಿದಾಗಿನಿಂದ ಅಲ್ಲೇ ಬೆಳೆದವರೂ ಹುಷಾರಾಗಿರುತ್ತಾರೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ ಅನ್ನುವುದು ಅದಕ್ಕೆ ಮುಖ್ಯ ಕಾರಣ, ಆದರೆ ಕಡಲೂ ಆಗ ನೆಟ್ಟಗಿರುವುದಿಲ್ಲ.

ಹಾಗಾಗಿ ನೀರಿಗೆ ಇಳಿಯಲು ಬಿಡದ ಆ ಗಾರ್ಡ್ ಹುಡುಗನ ಮೇಲಿನ ಸಿಟ್ಟನ್ನು ಮೊದಲು ಬಿಡಿ. ‘ಮೊಣಕಾಲು ಮಟ್ಟದ ನೀರಿಗೂ ಬಿಡಲಿಲ್ಲ’ ಅಂತ ಬರೆದಿದ್ದೀರಿ. ಎಳೆದುಕೊಂಡು ಹೋಗುವುದೇ ಆ ಮೊಣಕಾಲು ನೀರು. ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳು ಜಾರುತ್ತದೆ, ಆಮೇಲೆ ಸೆಳೆತ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಅದು ಮಳೆಗಾಲವೂ ಅಲ್ಲ. ಆ ಹುಡುಗನಿಗೆ ಒಂದು ಥ್ಯಾಂಕ್ಸ್ ಹೇಳಬೇಕಿತ್ತು.

ಇನ್ನು ‘ಎಲ್ಲಾ ಸೇರಿ’ ಎಂಬ ಮಾತು. ನೀವು ಕಳಿಸಿದ ವೋಚರ್‌ನ ಫೋಟೊ ದೊಡ್ಡದು ಮಾಡಿ ನೋಡಿದೆ. ಬಲಗಡೆ ಮೂಲೆಯಲ್ಲಿ, ಇರುವೆ ಗಾತ್ರದಲ್ಲಿ, ‘ಎಪಿ’ ಅಂತಿದೆ. ಅಂದರೆ ಅಮೆರಿಕನ್ ಪ್ಲಾನ್: ರೂಮು, ತಿಂಡಿ, ಎರಡು ಊಟ. ಅಷ್ಟೇ. ‘ಸಿಪಿ’ ಅಂತಿದ್ದರೆ ರೂಮು ಮತ್ತು ತಿಂಡಿ. ‘ಎಂಎಪಿ’ ಅಂದರೆ ತಿಂಡಿ ಜೊತೆಗೆ ಒಂದೇ ಊಟ, ಸಾಮಾನ್ಯವಾಗಿ ರಾತ್ರಿಯದು. ಸಂಜೆ ಐದರ ಕಾಫಿ ಈ ಮೂರರಲ್ಲೂ ಇಲ್ಲ. ಆಲ್ ಇನ್‌ಕ್ಲೂಸಿವ್ ಅನ್ನುವುದೇ ಬೇರೆ ಪದ್ಧತಿ. 1950ರಲ್ಲಿ ಕ್ಲಬ್ ಮೆಡ್ ಎಂಬ ಪ್ರವಾಸಿ ಸಂಸ್ಥೆಯವರು ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಅಂಥದ್ದನ್ನು ಶುರು ಮಾಡಿದರು. ಊಟ, ವಸತಿ, ಆಟ ಎಲ್ಲಕ್ಕೂ ಒಂದೇ ದುಡ್ಡು. ನಮ್ಮಲ್ಲಿ ಎಷ್ಟೋ ಕಡೆ ಹೆಸರು ಅದರದ್ದು, ಕೊಡುವುದು ‘ಎಪಿ’. ನಿಮ್ಮ ಕಸುಬಿನ ಮಾತಲ್ಲೇ ಹೇಳುವುದಾದರೆ, ರೇಷ್ಮೆ ಅಂತ ಹೇಳಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಕಟ್ಟಿಕೊಟ್ಟ ಹಾಗೆ.

ಹಾಗಂತ ರೆಸಾರ್ಟಿನವರು ತಪ್ಪಿಸಿಕೊಂಡರು ಅಂತಲ್ಲ. ಬುಕಿಂಗ್ ಮಾಡಿಸಿದ ಏಜೆಂಟ್ ವಾಟ್ಸಾಪ್‌ನಲ್ಲಿ ಬರೆದದ್ದನ್ನೂ ನೀವೇ ಕಳಿಸಿದ್ದೀರಿ: ‘ಎಲ್ಲಾ ಸೇರಿ ಸಾರ್, ಸೀ ವ್ಯೂ ರೂಮ್, ಕೈಯಲ್ಲಿ ಒಂದ್ರೂಪಾಯಿ ಇಟ್ಕೊಳ್ಳೋದು ಬೇಡ.’ ಈ ಒಂದು ಸಾಲು ನಿಮ್ಮ ನಾಲ್ಕು ಪುಟಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಅಳಿಸಬೇಡಿ. ಜನರೇಟರ್ ಶೆಡ್ಡಿನ ಫೋಟೊ, ಖಾಲಿ ಈಜುಕೊಳದ ಫೋಟೊ, ಆ ಬಿಲ್ಲು, ಎಲ್ಲವನ್ನೂ ಒಂದು ಕಡೆ ಇಡಿ.

ಹೇಳಿದ ರೂಮು ಕೊಡದಿದ್ದದ್ದು, ಈಜುಕೊಳ ರಿಪೇರಿ ಅಂತ ಮೊದಲೇ ಹೇಳದಿದ್ದದ್ದು, ಸೇರಿದೆ ಅಂದದ್ದಕ್ಕೆ ಮತ್ತೆ ದುಡ್ಡು ಕಿತ್ತದ್ದು, ಇವನ್ನು ಹಿಡಿದುಕೊಳ್ಳಿ. ಸರ್ವಿಸ್ ಚಾರ್ಜನ್ನೂ ಬಿಡಬೇಡಿ. ಹೋಟೆಲಿನವರು ತಾವೇ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡುವುದು ಬಿಡುವುದು ನಿಮ್ಮ ಇಷ್ಟ. ಆದರೆ ‘20 ರೂಪಾಯಿ ಬಾಟಲಿಗೆ 60 ತಗೊಂಡರು’ ಅಂತ ಬೆಲೆಯ ಮೇಲೆ ಜಗಳ ತೆಗೆಯಬೇಡಿ. ಹೋಟೆಲಿನಲ್ಲಿ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿಬಿಟ್ಟಿದೆ. ಗೋಬಿ ಮಂಚೂರಿಯ ಕಥೆಯೂ ನಿಲ್ಲುವುದಿಲ್ಲ. ಐದು ಜನ ಸಸ್ಯಾಹಾರಿಗಳು ಕಡಲ ತೀರದಲ್ಲಿ ಊಟ ಸೇರಿಸಿ ಬುಕ್ ಮಾಡಿದ್ದೀರಿ. ಮುಟ್ಟದ ಮೀನಿನ ಕೌಂಟರಿಗೂ ನಿಮ್ಮದೇ ದುಡ್ಡು!

ಮೊದಲು ರೆಸಾರ್ಟಿಗೂ ಏಜೆಂಟನಿಗೂ ಒಂದೊಂದು ರಿಜಿಸ್ಟರ್ಡ್ ಪತ್ರ ಹಾಕಿ. ಏನು ಹೇಳಿದ್ದರು, ಏನು ಕೊಟ್ಟರು, ಎಷ್ಟು ವಾಪಸ್ ಬೇಕು, ಒಂದೇ ಪುಟ ಸಾಕು. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅದಕ್ಕಾಗಿ ಕಾರವಾರಕ್ಕೆ ಅಲೆಯಬೇಕಿಲ್ಲ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆಯಲ್ಲೇ, ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ‘ರೀಫಂಡ್ ಇಲ್ಲ’ ಎಂಬ ಬೋರ್ಡಿಗೆ ಹೆದರಬೇಡಿ. ಸೇವೆಯಲ್ಲಿ ಕೊರತೆ ಮಾಡಿ ದುಡ್ಡು ವಾಪಸ್ ಕೊಡಲ್ಲ ಅನ್ನುವುದೇ ಆ ಕಾಯ್ದೆಯಲ್ಲಿ ತಪ್ಪು. (ದೋಷ ಇರುವ ಮಾಲಿಗೂ ಇದೇ ಮಾತು. ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೂ ‘ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ’ ಅಂತ ಬರೆಸಿದ್ದೀರೋ ಏನೋ, ಒಂದ್ಸಲ ನೋಡಿಕೊಳ್ಳಿ.)

ಸುಮ್ಮನಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ. ಕೆಲವು ವರ್ಷದ ಹಿಂದೆ ಮಲೆನಾಡಿನ ಒಂದು ಹೋಮ್‌ಸ್ಟೇನಲ್ಲಿ ಎರಡು ದಿನ ಕರೆಂಟಿಲ್ಲದೆ, ಉಂಬಳ ಕಿತ್ತುಕೊಳ್ಳುತ್ತಾ ಕಳೆದೆ. ಊರಿಗೆ ಬಂದವನು, ದುಡ್ಡು ಕೊಟ್ಟು ಮೋಸ ಹೋದೆ ಅನ್ನಲು ನಾಚಿಕೆಯಾಗಿ, ‘ಸೂಪರ್ ಇತ್ತು’ ಅಂದೆ. ನನ್ನ ಮಾತು ನಂಬಿ ಪಕ್ಕದ ಮನೆಯವರೂ ಹೋಗಿಬಂದರು. ಅವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ನಿಮ್ಮ ಪತ್ರದ ಕೊನೆಯ ಪುಟವನ್ನು ಮೇಲೆ ಹಾಕಲಿಲ್ಲ. 72 ವರ್ಷದ ಅವ್ವ ಸಮುದ್ರ ನೋಡಿದ್ದು ಇದೇ ಮೊದಲು ಅಂತ ಅಲ್ಲಿ ಬರೆದಿದ್ದೀರಿ. ಹೊರಡುವ ದಿನ ಮಳೆ ಸ್ವಲ್ಪ ಬಿಟ್ಟಾಗ, ಕೊಡೆ ಹಿಡಿದು, ಗೇಟಿನ ಹತ್ತಿರ ಐದು ನಿಮಿಷ ನಿಂತರಂತೆ. ‘ಸೂಳೆಕೆರೆಗಿಂತ ದೊಡ್ಡದೈತಲ್ಲೋ’ ಅಂದರಂತೆ. 42,000ಕ್ಕಿಂತ ನಿಮ್ಮನ್ನು ಜಾಸ್ತಿ ಕೊರೆಯುತ್ತಿರುವುದು ಆ ಐದು ನಿಮಿಷ ಅಂತ ನನ್ನ ಅಂದಾಜು. ಅದನ್ನು ಯಾವ ಆಯೋಗವೂ ಕಟ್ಟಿಕೊಡಲ್ಲ.

ಧನುರ್ಮಾಸದಲ್ಲೂ ಮದುವೆ ಇಲ್ಲ, ಅಲ್ವಾ? ಅಂಗಡಿಗೆ ಬಿಡುವು. ಕಡಲು ಆಗ ಎಷ್ಟೋ ಶಾಂತ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬಿಡಿ, ಜನ ಜಾಸ್ತಿ, ರೇಟೂ ಜಾಸ್ತಿ. ಸಂಕ್ರಾಂತಿಗೆ ಮುಂಚಿನ ವಾರ ಹೊರಡಿ. ಶಿವಮೊಗ್ಗ, ಸಾಗರ ದಾಟಿ ಹೊನ್ನಾವರ ತಲುಪಿದರೆ ಪಕ್ಕದಲ್ಲೇ ಕಾಸರಕೋಡು ಬೀಚ್. 2020ರಲ್ಲಿ ಅದಕ್ಕೂ ಪಡುಬಿದ್ರಿಗೂ ಬ್ಲೂ ಫ್ಲ್ಯಾಗ್ ಮಾನ್ಯತೆ, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್ ಎಂಬ ಅಂತರರಾಷ್ಟ್ರೀಯ ಗುರುತು, ಸಿಕ್ಕಿತು. ಊರೊಳಗೆ ಒಂದು ಸಾದಾ ಲಾಡ್ಜ್ ಹಿಡಿಯಿರಿ, ಊಟ ಸೇರಿಸಬೇಡಿ. ಸಂಜೆ ಅವ್ವನಿಗೆ ಒಂದು ಮಡಚುವ ಕುರ್ಚಿ ಹಾಕಿಕೊಡಿ. ಮಂಡಕ್ಕಿಯನ್ನು ಚೀಲದಲ್ಲಿ ಒಯ್ಯಬೇಡಿ, ಕಡಲ ಗಾಳಿಗೆ ಮತ್ತೆ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ. ಖಾರ, ಈರುಳ್ಳಿ ಬೇರೆ ಕಟ್ಟಿಕೊಂಡು, ಅಲ್ಲಿಗೆ ಹೋದ ಮೇಲೆ ಕಲಸಿ.

– ಸಂಪಾದಕ