ಸೆಸ್ನಾ 172ರಲ್ಲಿ ಪೋರ್ಟಬಲ್ ಎಡಿಎಸ್-ಬಿ ರಿಸೀವರ್ ಎಲ್ಲಿಡಬೇಕು? ಹಿಂದಿನಿಂದ ಬರುವ ವಿಮಾನಗಳು ಪರದೆಯಿಂದ ಮಾಯವಾಗುತ್ತಿವೆ

ಗ್ಲೇರ್‌ಶೀಲ್ಡ್ (ವಿಂಡ್‌ಶೀಲ್ಡ್ ಕೆಳಗೆ, ಮೀಟರ್‌ಗಳ ಮೇಲಿರುವ ಚಾಚು) ಮೇಲಿಟ್ಟ ಎಡಿಎಸ್-ಬಿ ರಿಸೀವರ್, ಅಂದರೆ ಬೇರೆ ವಿಮಾನಗಳು ರೇಡಿಯೋದಲ್ಲಿ ಸಾರುವ ತಮ್ಮ ಸ್ಥಾನವನ್ನು ಹಿಡಿದು ಟ್ಯಾಬ್ಲೆಟ್ಟಿಗೆ ಕಳಿಸುವ ಪೆಟ್ಟಿಗೆ, ಎದುರಿನ ಟ್ರಾಫಿಕ್ ಸರಿಯಾಗಿ ತೋರಿಸುತ್ತದೆ, ಹಿಂದಿನದು ಬಂದು ಬಂದು ಹೋಗುತ್ತದೆ, ಹವಾಮಾನದ ರೇಡಾರ್ ಚಿತ್ರವೂ ತಡವಾಗುತ್ತದೆ, ಪೆಟ್ಟಿಗೆ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕೆಟ್ಟಿರಲಿಕ್ಕಿಲ್ಲ. ನಾನೂ ಮೊದಲ ವರ್ಷ ಅಲ್ಲೇ ಇಟ್ಟು ಇದೇ ಪಾಡು ಪಟ್ಟಿದ್ದೆ.

ಪೆಟ್ಟಿಗೆ ಒಂದೇ, ಆದರೆ ಅದಕ್ಕೆ ಮೂರು ಕಿವಿ. 1575 ಮೆಗಾಹರ್ಟ್ಸ್‌ನ ಜಿಪಿಎಸ್ ಆಕಾಶದಿಂದ ಬರುತ್ತದೆ. 978ರ ಹವಾಮಾನ ನೆಲದ ಟವರ್‌ಗಳಿಂದ, ಅಂದರೆ ಹೆಚ್ಚುಕಡಿಮೆ ದಿಗಂತದ ಮಟ್ಟದಿಂದ ಬರುತ್ತದೆ. 1090ರ ಟ್ರಾಫಿಕ್ ಯಾವ ದಿಕ್ಕಿನಿಂದಲಾದರೂ ಬರಬಹುದು. ಗ್ಲೇರ್‌ಶೀಲ್ಡ್ ಜಿಪಿಎಸ್‌ಗೆ ಹೇಳಿ ಮಾಡಿಸಿದ ಜಾಗ. ಉಳಿದ ಎರಡಕ್ಕೆ ಅಲ್ಲ. ಮುಂದೆ ತಗ್ಗಿನಲ್ಲಿ ಎಂಜಿನ್ ಅಡ್ಡ, ಹಿಂದೆ ಸೀಟುಗಳಲ್ಲಿ ಕೂತ ನೀವಿಬ್ಬರು ಅಡ್ಡ. ಮನುಷ್ಯನ ಮೈ ಎಂದರೆ ಬಹುಪಾಲು ನೀರು. ಈ ತರಂಗಗಳನ್ನು ಚೆನ್ನಾಗಿಯೇ ಹೀರುತ್ತದೆ. ಅದರ ಹಿಂದೆ ಅಲ್ಯೂಮಿನಿಯಂ ಬಾಲ. ನಿಮ್ಮ ಹತ್ತಿರದ ಟವರ್ ಬೆನ್ನ ಹಿಂದಿದ್ದರೆ ಹವಾಮಾನವೂ ಅದೇ ನೆರಳಿಗೆ ಬಿತ್ತು.

ನಾನು ಈಗ ಇಡುವುದು ಬಲಬದಿಯ ಹಿಂದಿನ ಕಿಟಕಿಗೆ, ಸಕ್ಷನ್ ಕಪ್ಪಿನಲ್ಲಿ. ಎಡ ಸೀಟಿನಲ್ಲಿ ಕೂತವನ ಕಣ್ಣಿಗೆ ಎಟುಕದ ಮೂಲೆ ಅದೇ ತಾನೆ? ಎಡಬದಿಯನ್ನು ನಾನೇ ನೋಡಿಕೊಳ್ಳುತ್ತೇನೆ. 172ರಂಥ ಹೈ-ವಿಂಗ್ (ರೆಕ್ಕೆ ಕ್ಯಾಬಿನ್ನಿನ ಮೇಲಿರುವ) ವಿಮಾನದಲ್ಲಿ ಆ ಕಿಟಕಿಯಿಂದ ಕೆಳಗಿನದ್ದೆಲ್ಲ ಅಡ್ಡಿಯಿಲ್ಲದೆ ಕಾಣುವುದರಿಂದ ಟವರ್‌ಗಳು ಸುಲಭವಾಗಿ ಸಿಗುತ್ತವೆ. ಮೇಲಿನಿಂದ ಇಳಿದು ಬರುವ ವಿಮಾನಕ್ಕೆ ಮಾತ್ರ ರೆಕ್ಕೆ ಅಡ್ಡವಾಗುತ್ತದೆ. ಲೋ-ವಿಂಗ್ ಪೈಪರ್‌ನಲ್ಲಿ ಇದು ತಿರುಗುಮುರುಗು: ರೆಕ್ಕೆ ಕೆಳಗಿನದ್ದನ್ನು ಮುಚ್ಚುತ್ತದೆ. ಅಲ್ಲೂ ರೆಕ್ಕೆಯ ಹಿಂದಿನ ಅಂಚು ದಾಟಿದ ಕಿಟಕಿಯೇ ವಾಸಿ. ಗಮನಿಸಿ, ಕ್ಯಾಬಿನ್ನಿನೊಳಗಿನ ಆಂಟೆನಾ ಎಲ್ಲಿ ಕುರುಡೋ ನಾವೂ ಬಹುತೇಕ ಅಲ್ಲೇ ಕುರುಡರು.

ಆಂಟೆನಾ ನೆಟ್ಟಗೆ ನಿಂತಿರಲಿ. ಹವಾಮಾನ, ಟ್ರಾಫಿಕ್ ಎರಡರ ಸಂಕೇತಗಳೂ ಲಂಬ ಧ್ರುವೀಕರಣದವು, ಅಂದರೆ ತರಂಗ ಮೇಲೆ-ಕೆಳಗೆ ಆಡುತ್ತದೆ. ಕಡ್ಡಿ ಆಂಟೆನಾ ತನ್ನ ಸುತ್ತಲಿನದ್ದನ್ನು ಕೇಳುತ್ತದೆ, ತುದಿ ತೋರುವ ದಿಕ್ಕಿನದ್ದನ್ನು ಕೇಳುವುದಿಲ್ಲ. ಮಲಗಿಸಿದರೆ ಆ ಕಿವುಡು ತುದಿ ಸೀದಾ ದಿಗಂತಕ್ಕೇ ತಿರುಗುತ್ತದೆ. ತರಂಗದ ಉದ್ದ 27ರಿಂದ 31 ಸೆಂಟಿಮೀಟರ್, ಗೇಣಿಗಿಂತ ತುಸು ಹೆಚ್ಚು. ಅದಕ್ಕೇ ಕಡ್ಡಿ ಅದರ ಕಾಲುಭಾಗ, ಅಂದರೆ ನಾಲ್ಕು ಬೆರಳಗಲದಷ್ಟು ಉದ್ದ ಇದ್ದರೆ ಸಾಕಾಗುತ್ತದೆ. ಬಾಗಿಲ ಕಂಬ, ಟ್ಯಾಬ್ಲೆಟ್ಟಿನ ಲೋಹದ ಬೆನ್ನು ಇವುಗಳಿಂದ ಒಂದು ಗೇಣಾದರೂ ದೂರವಿಡಿ. ಬಿಸಿಮಾಡುವ ಲೋಹದ ಪದರವಿರುವ ವಿಂಡ್‌ಶೀಲ್ಡ್, ಕಾರ್ಬನ್ ಫೈಬರ್ ಮೈ, ಇವೆರಡೂ ತಡೆಯುತ್ತವೆ. ಫೈಬರ್‌ಗ್ಲಾಸ್ ತಡೆಯುವುದಿಲ್ಲ.

ಗ್ಲೇರ್‌ಶೀಲ್ಡ್ ಬೇಡ ಎನ್ನಲು ಇನ್ನೊಂದು ಕಾರಣ ಬಿಸಿಲು. ಒಂದು ಮಧ್ಯಾಹ್ನ ಇಳಿಯಲು ಹತ್ತು ನಿಮಿಷವಿದ್ದಾಗ ನನ್ನ ರಿಸೀವರ್ ಕಾದು ತಾನಾಗಿ ಆಫ್ ಆಯಿತು. ಟ್ಯಾಬ್ಲೆಟ್ ಜಿಪಿಎಸ್ಸನ್ನೂ ಅದರಿಂದಲೇ ತೆಗೆದುಕೊಳ್ಳುತ್ತಿತ್ತು, ನಕ್ಷೆಯ ಮೇಲಿನ ವಿಮಾನವೂ ನಿಂತಲ್ಲೇ ನಿಂತಿತು. ಕಂಪಾಸ್ ಪಕ್ಕದಲ್ಲಿ ಇಟ್ಟರೆ ಸೂಜಿ ಎಳೆದಾಡುವುದು ಬೇರೆ.

ಪರೀಕ್ಷೆಯನ್ನು ಹ್ಯಾಂಗರ್‌ನಲ್ಲಿ ಮಾಡಬೇಡಿ. ನೆಲದ ಮೇಲೆ ಒಂದೂ ಟವರ್ ಸಿಗದಿರುವುದು ಸಹಜ, ಟವರ್‌ಗೂ ನಿಮಗೂ ನಡುವೆ ನೇರ ದೃಷ್ಟಿ ಬೇಕು. ಮೂರು ಸಾವಿರ ಅಡಿ ಏರಿ, ಕಡಿಮೆ ಬ್ಯಾಂಕಿನಲ್ಲಿ (ರೆಕ್ಕೆಯನ್ನು ಹೆಚ್ಚು ವಾಲಿಸದೆ) ಅಗಲವಾದ ಪೂರ್ತಿ ಸುತ್ತು ಹಾಕಿ. ಆ್ಯಪ್‌ನ ಸ್ಟೇಟಸ್ ಪುಟದಲ್ಲಿ ಎಷ್ಟು ಟವರ್ ಕಾಣುತ್ತವೆಂದು ಪ್ರತಿ 45 ಡಿಗ್ರಿಗೆ ಬರೆದಿಟ್ಟುಕೊಳ್ಳಿ. ಬರೆಯುವುದು ಪಕ್ಕದವರ ಕೆಲಸ, ನಿಮ್ಮದಲ್ಲ. ಜಾಗ ಬದಲಿಸಿ ಇನ್ನೊಂದು ಸುತ್ತು. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಉತ್ತರ ನಿಮ್ಮೆದುರೇ ಇರುತ್ತದೆ.

ಜಾಗ ಬದಲಿಸಿದರೂ ಸರಿಹೋಗದವು ಕೆಲವಿವೆ. ಅಮೆರಿಕದಲ್ಲಿ ಪ್ರಾದೇಶಿಕ ರೇಡಾರ್ ಚಿತ್ರ ಎರಡೂವರೆ ನಿಮಿಷಕ್ಕೊಮ್ಮೆ, ಇಡೀ ದೇಶದ್ದು 15 ನಿಮಿಷಕ್ಕೊಮ್ಮೆ ಪ್ರಸಾರವಾಗುತ್ತದೆ. ದೊಡ್ಡದು ಒಮ್ಮೆ ತಪ್ಪಿತೆಂದರೆ ಮುಂದಿನ ಸರದಿಯವರೆಗೆ ಕಾಯಬೇಕು. ನಿಮ್ಮ ತಡದಲ್ಲಿ ಒಂದು ಪಾಲು ಇದೇ ಇರಬಹುದು. ಜೊತೆಗೆ, ಪರದೆ ಹೇಳುವ ವಯಸ್ಸಿಗಿಂತ ಆ ಚಿತ್ರ 15-20 ನಿಮಿಷ ಹಳೆಯದಾಗಿರಬಹುದೆಂದು ಅಲ್ಲಿನ ಸಾರಿಗೆ ಅಪಘಾತಗಳ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲೇ ಎಚ್ಚರಿಸಿದೆ. ಮೋಡಗಳ ನಡುವೆ ದಾರಿ ಹುಡುಕಲು ಅದನ್ನು ನಂಬಬೇಡಿ. ಬರೀ ಮೋಡ್-ಸಿ ಟ್ರಾನ್ಸ್‌ಪಾಂಡರ್ (ರೇಡಾರ್ ಕೇಳಿದಾಗ ಗುರುತು, ಎತ್ತರ ಮಾತ್ರ ಹೇಳುವ ಉಪಕರಣ) ಇರುವ ವಿಮಾನ ನಿಮ್ಮ ರಿಸೀವರ್‌ಗೆ ಸಿಗುವುದು ಟವರ್ ಮೂಲಕವೇ. ಅದೂ ನಿಮ್ಮಲ್ಲಿ ಎಡಿಎಸ್-ಬಿ ಔಟ್ (ನಿಮ್ಮ ಸ್ಥಾನವನ್ನು ಸಾರುವ ಉಪಕರಣ) ಇದ್ದರೆ, ನಿಮ್ಮ ಸುತ್ತ 15 ನಾಟಿಕಲ್ ಮೈಲು, ಮೇಲೆ-ಕೆಳಗೆ 3,500 ಅಡಿಯೊಳಗೆ. ಟ್ರಾನ್ಸ್‌ಪಾಂಡರೇ ಇಲ್ಲದ ವಿಮಾನವನ್ನು ಕಣ್ಣಲ್ಲೇ ಹುಡುಕಬೇಕು.

ಒಂದು ಮಾತು ಬಿಟ್ಟುಹೋಗಿತ್ತು. ಮೇಲೇರಿ ಗಾಜು ತಣ್ಣಗಾದಾಗ ಸಕ್ಷನ್ ಕಪ್ ಹಿಡಿತ ಬಿಡುತ್ತದೆ. ನನ್ನದು ಒಮ್ಮೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದವರ ತೊಡೆ ಮೇಲೆ ಬಿತ್ತು. ಅಂದಿನಿಂದ ಅದಕ್ಕೊಂದು ದಾರ ಕಟ್ಟಿ ಕೋಟಿನ ಕೊಕ್ಕೆಗೆ ಸಿಕ್ಕಿಸಿರುತ್ತೇನೆ.